ಆ ದಡಕ್ಕೂ ಬಾಗಿಲು ಬೇಕು

ನಮ್ಮ ತಂಡದ ಪ್ರಾಜೆಕ್ಟ್: ಕಾಲೇಜನ್ನೂ ಪಕ್ಕದ ಊರನ್ನೂ ಬೆಸೆಯುವ ಸಂಕೇತವಾಗಿ, ಹಳ್ಳದ ಮೇಲೆ ಸೇತುವೆಯಂಥ ಗ್ರಂಥಾಲಯ. ಥರ್ಮಾಕೋಲ್ ಕಮಾನು, ಪ್ಲಾಸ್ಟಿಕ್ ಹಾಳೆಯ ಗಾಜು. ಚೆಂದವೇ ಇತ್ತು ಬಿಡಿ. ಮಾದರಿ ನೋಡಿದ ಕ್ಯಾಂಟೀನ್ ಅಕ್ಕ ಕೇಳಿದರು, ‘ಬಾಗ್ಲು ನಿಮ್ ಕಡೆಗೆ ಮಾತ್ರ ಐತಲ್ಲಪ್ಪ, ನಾವೆಲ್ಲಿಂದ ಹತ್ತೋದು?’

ಊರಿನ ಕಡೆಗೆ ನಾವು ಇಟ್ಟಿದ್ದು ಬರೀ ಗೋಡೆ!

ಸುಳ್ಯದ ಗಿರೀಶ್ ಭಾರದ್ವಾಜ್ ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿದವರು; 2017ರಲ್ಲಿ ಪದ್ಮಶ್ರೀ ಬಂತು. ಆ ಸೇತುವೆಗಳನ್ನು ಯಾರೂ ಸಂಕೇತ ಎನ್ನುವುದಿಲ್ಲ. ಮಳೆಗಾಲದಲ್ಲಿ ಜನ ಅವುಗಳ ಮೇಲೆ ಹೊಳೆ ದಾಟುತ್ತಾರೆ, ಅಷ್ಟೆ. ದಾಟಲು ಬಿಡದ್ದನ್ನು ಸೇತುವೆ ಎಂದು ಕರೆಯಲು ನನಗಂತೂ ನಾಚಿಕೆ.

ಬಾಗಿಲು ಇಟ್ಟರೆ ಎಲಿವೇಷನ್ ಕೆಡುತ್ತದೆ, ಅಂಕ ಹೋಗುತ್ತದೆ ಎಂದರು ಗೆಳೆಯರು. ರಾತ್ರಿ ಕಟರ್ ಹಿಡಿದು ಗೋಡೆ ಕೊಯ್ದೆ. ಸೋಮವಾರ ವೈವಾ.