ಮೂಗು ಮುರಿಯುವ ಮುನ್ನ

ಮನೆಯ ಹುಡುಗ ಹೊಸದಾಗಿ ಪ್ರೊಗ್ರೆಸಿವ್ ರಾಕ್ ಕಛೇರಿಗಳ ಹುಚ್ಚು ಹಿಡಿಸಿಕೊಂಡರೆ ನಾವು ಮೂಗು ಮುರಿಯುತ್ತೇವೆ. 'ಅದೂ ಒಂದು ಸಂಗೀತವೇ?' ಎನ್ನುತ್ತೇವೆ. ಕೇಳಿ ನೋಡಿ ಹೇಳುತ್ತೇವೆಯೇ ಎಂದರೆ ಅದೂ ಇಲ್ಲ.

ಮೂರು ನಿಮಿಷದ ಹಾಡಿನ ಚೌಕಟ್ಟು ಸಾಲದೆ ಬೆಳೆದ ಪಂಥವದು. ಜೆಥ್ರೋ ಟಲ್ ತಂಡ 1972ರಲ್ಲಿ ಧ್ವನಿಮುದ್ರಿಕೆಯ ಎರಡೂ ಬದಿ ತುಂಬುವಂತೆ, 40 ನಿಮಿಷಕ್ಕೂ ಮಿಕ್ಕಿ, ಒಂದೇ ಕೃತಿ ನುಡಿಸಿತು. ಅದರ ನಾಯಕ ಇಯಾನ್ ಆಂಡರ್ಸನ್‌ರ ವಾದ್ಯವೋ, ಕೊಳಲು! ಐದು, ಏಳು ಎಣಿಕೆಯ ಲಯಗಳು ಅಲ್ಲಿ ಸಾಮಾನ್ಯ. ಖಂಡಚಾಪು, ಮಿಶ್ರಚಾಪು ಬಲ್ಲ ನಮಗೆ ಇದು ಪರಕೀಯವೇ? ರಾತ್ರಿಯಿಡೀ ಯಕ್ಷಗಾನ ನೋಡಿದವರ ಮಕ್ಕಳು ನಾವು. ದೀರ್ಘವಾಗಿ ಕೇಳುವ ತಾಳ್ಮೆಯನ್ನು ಹಳಿಯುವ ಹಕ್ಕು ನಮಗೆಲ್ಲಿದೆ?

ಪಿಂಕ್ ಫ್ಲಾಯ್ಡ್ ಖ್ಯಾತಿಯ ರೋಜರ್ ವಾಟರ್ಸ್ 2002ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹಾಡಿದರು. ಪಾರ್ಕುಪೈನ್ ಟ್ರೀ 2009ರಲ್ಲಿ ಮುಂಬಯಿಯ ಐಐಟಿಯಲ್ಲಿ ನುಡಿಸಿತು. ಅದರಿಂದ ಕನ್ನಡವೇನೂ ಕೆಡಲಿಲ್ಲ.

ಕೆಡುತ್ತಿರುವುದು ನಮ್ಮ ಸಭೆಗಳು. ಸ್ವಾಗತ, ಹಾರ, ಭಾಷಣಗಳಿಗೆ ಎರಡು ತಾಸು. ಹಾಡಿಗೆ 20 ನಿಮಿಷ. ಕುರ್ಚಿ ಖಾಲಿಯಾದರೆ ದೂರು ಮಾತ್ರ ಹುಡುಗರ ಮೇಲೆ! ಮೈದಾನದಲ್ಲಿ ಗಂಟೆಗಟ್ಟಲೆ ನಿಂತು ಕೇಳುವ ಕಿವಿಗಳು ನಮ್ಮ ಸಭಾಂಗಣದಿಂದ ಓಡಿಹೋಗುವುದೇಕೆ? ಮೊದಲು ನಮ್ಮನ್ನೇ ಕೇಳಿಕೊಳ್ಳೋಣ.