ಅಂಚಿನ ಅಂಕಿ ಯಾರಿಗಾಗಿ?

ಗ್ರಾಫಿಕ್ ಕಲೆಯ ಯಾವ ಪ್ರದರ್ಶನಕ್ಕೆ ಹೋದರೂ ಚಿತ್ರದ ಕೆಳಗೆ ಎಡಗಡೆ ಪೆನ್ಸಿಲಿನಲ್ಲಿ ಬರೆದ ಅಂಕಿ ಕಾಣುತ್ತದೆ: 3/25, 7/40. ಇಪ್ಪತ್ತೈದು ಪ್ರತಿಗಳಲ್ಲಿ ಇದು ಮೂರನೆಯದು, ಇಪ್ಪತ್ತಾರನೆಯದನ್ನು ತೆಗೆಯುವುದಿಲ್ಲ ಎಂದು ಕಲಾವಿದ ಕೊಟ್ಟ ಮಾತು ಅದು. ಡಿಜಿಟಲ್ ಮುದ್ರಣಕ್ಕೆ ಕಲೆಯ ಗೌರವ ಸಿಗಬೇಕಾದರೆ ಅದೂ ಈ ಶಿಸ್ತಿಗೆ ಒಳಪಡಬೇಕು ಎಂದು ನಾನು ಮೆಚ್ಚುವ ಅನೇಕ ಕಲಾವಿದರೂ ಗ್ಯಾಲರಿಯವರೂ ನಂಬುತ್ತಾರೆ. ಅವರ ಕಾಳಜಿ ಸಣ್ಣದಲ್ಲ. ಆದರೂ ಕಲಾವಿದರೇ ಸೇರಿ ನಡೆಸುವ, ಸರ್ಕಾರದ ಅನುದಾನ ಪಡೆಯುವ ಕೇಂದ್ರಗಳಾದರೂ ಈ ಅಂಕಿಯನ್ನು ಕೈಬಿಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಅಂಥದೊಂದು ಕೇಂದ್ರ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಆಲ್ಮಾ ಪಟ್ಟಣದಲ್ಲಿದೆ. ಹೆಸರು ಸಗಾಮಿ. ಮಾಂಟ್ರಿಯಲ್‌ನಿಂದ ರಸ್ತೆಯಲ್ಲಿ 400 ಕಿ.ಮೀ.ಗೂ ದೂರದ, ಅಲ್ಯೂಮಿನಿಯಂ ಕಾರ್ಖಾನೆಯ ಊರು ಅದು. ಹಳೆಯ ಪದ್ಧತಿಯ ಮುದ್ರಣ ಕಾರ್ಯಾಗಾರವಾಗಿ ಹುಟ್ಟಿ ಆಮೇಲೆ ಡಿಜಿಟಲ್ ಕಡೆಗೆ ಹೊರಳಿದ ಈ ಕೇಂದ್ರಕ್ಕೆ ಕಲಾವಿದರು ರೆಸಿಡೆನ್ಸಿಗೆ ಬರುತ್ತಾರೆ. ದೊಡ್ಡ ಅಳತೆಯ ಇಂಕ್‌ಜೆಟ್ ಯಂತ್ರಗಳಲ್ಲಿ ಕೆಲಸ ಮಾಡುತ್ತಾರೆ. ಸಮಕಾಲೀನ ಕಲೆಯ ಪುಸ್ತಕಗಳೂ ಅಲ್ಲಿಂದಲೇ ಪ್ರಕಟವಾಗುತ್ತವೆ. ಗೋಡೆಗೆ ಹೋಗುವ ಹಾಳೆ, ಕೈಗೆ ಬರುವ ಪುಸ್ತಕ, ಎರಡೂ ಫೈಲಿನಿಂದಲೇ ಹುಟ್ಟುವಂಥ ಇಂಥ ಜಾಗಗಳನ್ನು ನೋಡಿದಾಗಲೇ ಪ್ರಶ್ನೆ ಏಳುವುದು: ಒಂದಕ್ಕೆ ಮಿತಿ ಹಾಕಿ ಇನ್ನೊಂದನ್ನು ಹರಿಯಬಿಡುವುದಕ್ಕೆ ಕಾರಣವೇನು?

ಸಾಮಾನ್ಯವಾಗಿ ಕೊಡುವ ಉತ್ತರ ಪರಂಪರೆಯದು. ತಾಮ್ರದ ಪ್ಲೇಟು ಸವೆಯುತ್ತದೆ. ಪ್ಲೇಟನ್ನು ಸೂಜಿಯಿಂದಲೇ ಗೀರುವ ಡ್ರೈಪಾಯಿಂಟ್‌ನಲ್ಲಂತೂ ಸೂಜಿ ಎಬ್ಬಿಸಿದ ಲೋಹದ ಅಂಚು ಕೆಲವು ಹತ್ತು ಪ್ರತಿಗಳಲ್ಲೇ ಚಪ್ಪಟೆಯಾಗಿ, ಗೆರೆಯ ಮಖಮಲ್ಲಿನಂಥ ಕಪ್ಪು ಮಾಯವಾಗುತ್ತದೆ. ಅದಕ್ಕೇ ಎಣಿಕೆ, ಎನ್ನುತ್ತಾರೆ. ಇತಿಹಾಸ ಇದನ್ನು ಪೂರ್ತಿ ಒಪ್ಪುವುದಿಲ್ಲ. ಪ್ಲೇಟು ನಿಜವಾಗಿ ಸವೆಯುತ್ತಿದ್ದ ಕಾಲದ ರೆಂಬ್ರಾಂಟ್ ಪ್ರತಿಗಳಿಗೆ ಅಂಕಿ ಹಾಕಲಿಲ್ಲ. ಅವನು ಸತ್ತ ಮೇಲೂ ಅವನ ಪ್ಲೇಟುಗಳಿಂದ ಬೇರೆಯವರು ಮುದ್ರಿಸುತ್ತಲೇ ಹೋದರು. 19ನೆಯ ಶತಮಾನದ ನಡುವೆ ತಾಮ್ರದ ಮೇಲೆ ವಿದ್ಯುತ್ತಿನಿಂದ ತೆಳ್ಳಗೆ ಕಬ್ಬಿಣದ ಲೇಪ ಕೊಡುವ ವಿಧಾನ ಬಂತು, ಸವೆತದ ತೊಂದರೆ ಬಹುಮಟ್ಟಿಗೆ ತಪ್ಪಿತು. ಅಂಕಿ ಹಾಕುವ ಪದ್ಧತಿ ರೂಢಿಗೆ ಬಂದದ್ದು ಅದಾದ ಮೇಲೆ, ಆ ಶತಮಾನದ ಕೊನೆಯ ಹೊತ್ತಿಗೆ. ಎಂದರೆ ಲೋಹದ ಮಿತಿ ಕಳಚಿಬಿದ್ದ ಮೇಲೆ ಮಾರುಕಟ್ಟೆ ತನ್ನದೊಂದು ಮಿತಿಯನ್ನು ತಂದುಕೊಂಡಿತು. ಆಗ ಪ್ಲೇಟಿನ ಮೇಲೆ ಗೀರೆಳೆದು ಅದನ್ನು ರದ್ದುಮಾಡಿ ತೋರಿಸಬಹುದಿತ್ತು. ಫೈಲಿಗೆ ಅಂಥ ಗೀರು ಇಲ್ಲ. ಒಂದನ್ನು ಅಳಿಸಿದರೂ ಇನ್ನೊಂದು ಡಿಸ್ಕಿನಲ್ಲಿ ಅದೇ ಫೈಲು ಇರಬಹುದು.

ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ಡಿಜಿಟಲ್ ಪ್ರತಿಗಳೆಲ್ಲ ಒಂದೇ ಎಂದು ಯಾರು ಹೇಳಿದರು? ಒಂದೇ ಫೈಲು ಬೇರೆ ಕಾಗದದ ಮೇಲೆ, ಬೇರೆ ಶಾಯಿಯಲ್ಲಿ ಬೇರೆಯೇ ಚಿತ್ರವಾಗುತ್ತದೆ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಹಾಡುಗಾರ ಗ್ರಹಾಂ ನ್ಯಾಶ್ 1991ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ ನ್ಯಾಶ್ ಎಡಿಷನ್ಸ್ ಎಂಬ ಡಿಜಿಟಲ್ ಮುದ್ರಣ ಸ್ಟುಡಿಯೋ ಬಳಸಿದ ಐರಿಸ್ ಎಂಬ ಇಂಕ್‌ಜೆಟ್ ಯಂತ್ರ ಕಲೆಗಾಗಿ ತಯಾರಾದದ್ದಲ್ಲ, ವಾಣಿಜ್ಯ ಮುದ್ರಣದ ಬಣ್ಣದ ಪ್ರೂಫು ತೆಗೆಯಲು ತಯಾರಾದದ್ದು. ಅದರ ಮೊದಲ ದಿನಗಳ ಶಾಯಿ ಬೆಳಕಿಗೆ ಬೇಗ ಮಾಸುತ್ತಿತ್ತು. ಬಾಳಿಕೆಯ ಪಿಗ್ಮೆಂಟ್ ಶಾಯಿಯ ಇಂಕ್‌ಜೆಟ್ ಯಂತ್ರಗಳು ವ್ಯಾಪಕವಾದದ್ದು 2000ದ ಆಸುಪಾಸಿನಲ್ಲಿ. ಹಾಗಿದ್ದಮೇಲೆ ಕೊಳ್ಳುವವರು ತಿಳಿಯಬೇಕಾದದ್ದು ಇದು ಮೂರನೆಯದೋ ಹದಿಮೂರನೆಯದೋ ಎಂಬುದನ್ನಲ್ಲ. ಯಾವ ವರ್ಷ, ಯಾವ ಯಂತ್ರದಲ್ಲಿ, ಯಾವ ಶಾಯಿಯಲ್ಲಿ, ಯಾವ ಕಾಗದದ ಮೇಲೆ ಬಂತು ಎಂಬುದನ್ನು. ಅಂಚಿನ ಅಂಕಿ ಇದರಲ್ಲಿ ಒಂದನ್ನೂ ಹೇಳುವುದಿಲ್ಲ.

ಮಿತಿಯಿಲ್ಲದಿದ್ದರೆ ಕಲೆ ಕ್ಯಾಲೆಂಡರ್ ಆಗಿಬಿಡುತ್ತದೆ ಎಂಬ ಭಯ ನಮ್ಮಲ್ಲೂ ಇದೆ. ರವಿವರ್ಮನ ಹೆಸರನ್ನು ಅದಕ್ಕೆ ಉದಾಹರಣೆಯಾಗಿ ತರುತ್ತಾರೆ. 1894ರಲ್ಲಿ ಮುಂಬೈಯಲ್ಲಿ ಶುರುವಾದ ಅವನ ಪ್ರೆಸ್ಸು ಕೆಲವೇ ವರ್ಷಗಳಲ್ಲಿ ಜರ್ಮನ್ ತಂತ್ರಜ್ಞನ ಪಾಲಾಯಿತು. ಚಿತ್ರಕಾರ ಇಲ್ಲದೆಯೇ ಅವನ ಚಿತ್ರಗಳು ಅಚ್ಚಾದವು. ನನ್ನ ದೃಷ್ಟಿಯಲ್ಲಿ ಚಿಂತಿಸಬೇಕಾದದ್ದು ಆ ಗೈರುಹಾಜರಿಯ ಬಗ್ಗೆ, ಪ್ರತಿಗಳ ಸಂಖ್ಯೆಯ ಬಗ್ಗೆಯಲ್ಲ. ಕಲಾವಿದರೇ ನಡೆಸುವ ಕೇಂದ್ರದಲ್ಲಿ ಕಲಾವಿದೆ ಯಂತ್ರದ ಪಕ್ಕದಲ್ಲೇ ಇರುತ್ತಾಳೆ. ಕಪ್ಪು ಸಾಲದು ಎನಿಸಿದರೆ ಹಾಳೆಯನ್ನು ತಿರಸ್ಕರಿಸುತ್ತಾಳೆ.

ಹೊಟ್ಟೆಪಾಡಿನ ಮಾತನ್ನು ಬದಿಗೆ ಸರಿಸಲಾರೆ. ಪ್ರತಿ ವಿರಳವಾದಷ್ಟೂ ಬೆಲೆ ಏರುತ್ತದೆ, ಆ ಬೆಲೆಯಲ್ಲಿ ಕಲಾವಿದರು ಬದುಕುತ್ತಾರೆ. ಖಾಸಗಿ ಗ್ಯಾಲರಿಯನ್ನೇ ನೆಚ್ಚಿಕೊಂಡವರಿಗೆ ಈ ವಾದವನ್ನು ಹಿಡಿಯುವ ಪೂರ್ಣ ಹಕ್ಕಿದೆ. ಆದರೆ ಕೆನಡಾ ಬೇರೊಂದು ದಾರಿ ತೆರೆದ ದೇಶ. ಚಿತ್ರಕಾರ ಜ್ಯಾಕ್ ಚೇಂಬರ್ಸ್ ಮತ್ತು ಗೆಳೆಯರು 1968ರಲ್ಲಿ ಕಟ್ಟಿದ ಕಾರ್ಫ್ಯಾಕ್ ಎಂಬ ಕಲಾವಿದರ ಸಂಘಟನೆ ಹೋರಾಡಿದ್ದರಿಂದ 1975ರ ಹೊತ್ತಿಗೆ ಅಲ್ಲಿ ಕೃತಿ ಪ್ರದರ್ಶಿಸಿದ್ದಕ್ಕೇ ಸಂಭಾವನೆ ಕೊಡುವ ಪದ್ಧತಿ ಬಂತು. 1988ರಲ್ಲಿ ಕೃತಿಸ್ವಾಮ್ಯ ಕಾನೂನೇ ಪ್ರದರ್ಶನದ ಹಕ್ಕನ್ನು ಸೇರಿಸಿಕೊಂಡಿತು. ಕೃತಿಯನ್ನು ಜನರಿಗೆ ತೋರಿಸುವುದೂ ಸಂಭಾವನೆಗೆ ಅರ್ಹವಾದ ದುಡಿಮೆ ಎಂದು ಒಪ್ಪಿದ ನಾಡಿನಲ್ಲಿ, ಚಿತ್ರವನ್ನು ಇಪ್ಪತ್ತೈದು ಗೋಡೆಗಳಿಗೆ ಮೀಸಲಿಡುವ ಅಗತ್ಯ ಇನ್ನೂ ಕಡಿಮೆ.

ಅಂಕಿ ಬೇಕಿಲ್ಲ ಎಂಬುದನ್ನು ಪುಸ್ತಕ ಮಾಡುವ ಕಲಾವಿದರು ಮೊದಲೇ ಕಂಡುಕೊಂಡರು. ಅಮೆರಿಕದ ಎಡ್ ರುಶೇ 1963ರಲ್ಲಿ ಇಪ್ಪತ್ತಾರು ಪೆಟ್ರೋಲ್ ಬಂಕುಗಳ ಫೋಟೋಪುಸ್ತಕ ತಂದಾಗ 400 ಪ್ರತಿಗಳಿಗೆ ಅಂಕಿ ಹಾಕಿದ. ಎರಡೇ ವರ್ಷದಲ್ಲಿ, ಹಾಗೆ ಮಾಡಬಾರದಿತ್ತು ಎಂದು ಸಂದರ್ಶನದಲ್ಲಿ ಹೇಳಿದ. 1969ರ ಮುದ್ರಣ 3000 ಪ್ರತಿಗಳದು, ಅಂಕಿಯಿಲ್ಲದ್ದು. ಅದರಿಂದ ಆ ಪುಸ್ತಕದ ಮಹತ್ವ ಕುಗ್ಗಲಿಲ್ಲ. ಕಲಾವಿದರ ಪುಸ್ತಕಗಳ ಚರಿತ್ರೆ ಬರೆಯುವವರು ಇಂದಿಗೂ ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಹಾಗಾಗಿ ಅಂಚಿನ ಅಂಕಿಯ ಬದಲು ಹಾಳೆಯ ಹಿಂಬದಿಯಲ್ಲಿ ಮುದ್ರಣದ ದಿನಾಂಕ, ಯಂತ್ರ, ಶಾಯಿ, ಕಾಗದ, ಫೈಲಿನ ಆವೃತ್ತಿ, ಕಲಾವಿದರ ಸಹಿ ಇರಲಿ. ಅದೇ ವಿವರ ಕೇಂದ್ರದ ದಾಖಲೆ ಪುಸ್ತಕದಲ್ಲೂ ಇರಲಿ. ಹತ್ತು ವರ್ಷದ ಮೇಲೆ ಮತ್ತೊಬ್ಬರು ಕೇಳಿದರೆ ಹೊಸ ದಿನಾಂಕ ಹಾಕಿ ಮತ್ತೆ ತೆಗೆದುಕೊಡಲಿ. ಆಗ ಬೆಲೆ ಇಳಿದೀತು. ಆಲ್ಮಾದ ಕಾರ್ಖಾನೆಯ ಕೆಲಸಗಾರ ತನ್ನ ತೆರಿಗೆಯ ಪಾಲೂ ಸೇರಿ ಆದ ಚಿತ್ರವನ್ನು ಮನೆಗೆ ಕೊಂಡೊಯ್ಯುವಷ್ಟು ಇಳಿದರೆ, ಕೇಂದ್ರ ಅದನ್ನು ನಷ್ಟದ ಕಡೆ ಬರೆಯಬೇಕಿಲ್ಲ.