ಬೆಟ್ಟದ ಮೇಲೊಂದು ಬಾಡಿಗೆ ಮನೆ, ಒಲೆ ಯಾರ ಪಾಲಿಗೆ?

ಅರಕಲಗೂಡಿನ ಸೋದರಿಯೊಬ್ಬರು ಒಂದು ಪ್ರಶ್ನೆ ಬರೆದು ಕಳಿಸಿದ್ದಾರೆ. ಸಂಕ್ರಾಂತಿ ಕಳೆದ ಮೇಲೆ ಮನೆಮಂದಿಯೆಲ್ಲ ಸಕಲೇಶಪುರದ ಕಡೆ ಎರಡು ದಿನ ಇದ್ದು ಬರೋಣ ಅಂತ ಮಾತಾಗಿದೆಯಂತೆ. ಅಲ್ಲಿ ಊಟ ತಿಂಡಿ ಕೊಡುವ ಹೋಂಸ್ಟೇಗಳೂ ಇವೆ, ಬರೀ ಬೀಗದ ಕೈ ಕೊಟ್ಟು "ಅಡಿಗೆ ನೀವೇ ಮಾಡ್ಕೊಳ್ಳಿ" ಅನ್ನುವ ಕಾಟೇಜುಗಳೂ ಇವೆ. ಎರಡನೆಯದು ಅಗ್ಗ, ಗದ್ದಲವೂ ಇಲ್ಲ. ಯಜಮಾನರ ಮನಸ್ಸು ಅದರ ಮೇಲೇ ಇದೆ. "ಯಾವುದು ವಾಸಿ, ನೀವೇ ಹೇಳಿ" ಅಂತ ಕೇಳಿದ್ದಾರೆ.

ಇಂಥ ಮನೆಯಲ್ಲಿ ಎರಡು ಸಲ ಇದ್ದು ಬಂದವಳು ನಾನು. ಮೊದಲ ಸಲದ್ದನ್ನು ನೆನೆಸಿಕೊಂಡರೆ ಈಗಲೂ ಸೊಂಟ ಹಿಡಿದುಕೊಳ್ಳುತ್ತೆ.

ಆ ಸಲ ನಾವು ಹನ್ನೊಂದು ಜನ. ಹೊಳೆನರಸೀಪುರದಿಂದ ಹಾಸನಕ್ಕೆ, ಹಾಸನದಿಂದ ನಲವತ್ತು ಕಿಲೋಮೀಟರ್ ಸಕಲೇಶಪುರಕ್ಕೆ, ಅಲ್ಲಿಂದ ಜೀಪಿನಲ್ಲಿ ಮಣ್ಣು ದಾರಿ. ಬೆಟ್ಟದ ಇಳಿಜಾರಿನಲ್ಲಿ ಹೆಂಚಿನ ಮನೆ, ಮುಂದೆ ಉದ್ದ ಜಗಲಿ, ಸುತ್ತ ಕಾಫಿ ಗಿಡ, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಎಲ್ಲರೂ ಜಗಲಿಗೆ ಹೋಗಿ ಆಹಾ ಅಂದರು. ನಾನು ಅಡಿಗೆಮನೆಗೆ ಹೋಗಿ ಅಯ್ಯೋ ಅಂದೆ. ಎರಡು ಬರ್ನರ್ ಒಲೆ, ಹೊತ್ತುತ್ತಿದ್ದುದು ಒಂದೇ. ಕುಕ್ಕರಿನ ಗ್ಯಾಸ್ಕೆಟ್ ಸಡಿಲ. ಹನ್ನೊಂದು ಜನಕ್ಕೆ ಮೂರು ದಿನ ತಿಂಡಿ, ಊಟ, ಸಂಜೆಗೆ ಬೋಂಡ, ನಡುವೆ ಆರು ಸಲ ಕಾಫಿ. ಬೆಟ್ಟ ಅಂತ ನಾನು ಕಂಡದ್ದು ಪಾತ್ರೆ ತೊಳೆಯುವ ತೊಟ್ಟಿಯ ಮೇಲಿನ ಕಿಟಕಿಯಷ್ಟು. ಮಿಕ್ಕವರೆಲ್ಲ ಮಂಜರಾಬಾದ್ ಕೋಟೆಗೆ ಹೋಗಿ ಬಂದರು. ಟಿಪ್ಪು ಸುಲ್ತಾನ 1792ರಲ್ಲಿ ಕಟ್ಟಿಸಿದ ಕೋಟೆ ಅದು, ಮೇಲಿನಿಂದ ನೋಡಿದರೆ ಎಂಟು ಮೂಲೆಯ ನಕ್ಷತ್ರದ ಹಾಗೆ ಇದೆ. ನಾನು ನೋಡಿದ್ದು ಮೊಬೈಲಿನ ಫೋಟೋದಲ್ಲಿ. ಊರಿಗೆ ಬಂದ ಮೇಲೆ ನಮ್ಮ ಯಜಮಾನರು ಪಕ್ಕದ ಮನೆಯವರಿಗೆ ಹೇಳ್ತಿದ್ದರು: "ನಮ್ಮನೆಯವಳಿಗೂ ಒಳ್ಳೇ ರೆಸ್ಟ್ ಆಯ್ತು."

ಅವರನ್ನೊಬ್ಬರನ್ನೇ ಯಾಕೆ ಅನ್ನಬೇಕು? ನನ್ನ ಅಣ್ಣನ ಮಗ ಅಮೆರಿಕದಲ್ಲಿದ್ದಾನೆ. ಒಂದು ವರ್ಷ ರಜಕ್ಕೆ ವೆಸ್ಟ್ ಇಂಡೀಸ್ ಕಡೆಯ ಸೇಂಟ್ ಲೂಸಿಯಾ ದ್ವೀಪಕ್ಕೆ ಹೋಗಿದ್ದರು. ನಮಗೆ ವೆಸ್ಟ್ ಇಂಡೀಸ್ ಅಂದರೆ ಕ್ರಿಕೆಟ್ಟು ಅಷ್ಟೇ. ಅಲ್ಲೂ ಗುಡ್ಡದ ಮೇಲೆ ಸಣ್ಣ ಸಣ್ಣ ಮನೆಗಳನ್ನು ಅಡಿಗೆಮನೆ ಸಮೇತ ಬಾಡಿಗೆಗೆ ಕೊಡುತ್ತಾರಂತೆ. ಕೆಳಗೆ ನೀಲಿ ಸಮುದ್ರ, ಸುತ್ತ ಬಾಳೆ, ಮಾವು, ತೆಂಗು. ಸಂತೆಯಿಂದ ತರಕಾರಿ ತಂದು ಬೇಯಿಸಿಕೊಂಡು ಸುಮ್ಮನೆ ಇರುವುದು. ಸಂತೆಯಲ್ಲಿ ಘಟ್ಟದ ಕೆಳಗಿನವರ ಜೀಗುಜ್ಜೆ ಕಂಡು ಸೊಸೆಗೆ ಆಶ್ಚರ್ಯ! ನಾವು ದೀವಿಹಲಸು ಅಂತೀವಲ್ಲ, ಅದೇ. ಅದು ಆ ಕಡೆಯ ಮರವಲ್ಲ. ಬ್ಲೈ ಅನ್ನುವ ಇಂಗ್ಲಿಷ್ ಕಪ್ತಾನ 1793ರಲ್ಲಿ ಹಡಗಿನಲ್ಲಿ ಸಸಿಗಳನ್ನು ತಂದು ಆ ದ್ವೀಪಗಳಿಗೆ ಮುಟ್ಟಿಸಿದ್ದು, ತೋಟದ ಗುಲಾಮರಿಗೆ ಅಗ್ಗದ ಊಟವಾಗಲಿ ಅಂತ. ಸೊಸೆ ಅದರಲ್ಲಿ ಪಲ್ಯ ಮಾಡಿದಳಂತೆ, ಪೋಡಿ ಕರಿದಳಂತೆ. "ಹೇಗಿತ್ತೇ ಜಾಗ?" ಅಂದೆ. "ಜಾಗ ಸ್ವರ್ಗ ಅತ್ತೆ, ಆದರೆ ಅಲ್ಲೂ ಪಾತ್ರೆ ತೊಳೆದದ್ದು ನಾನೇ" ಅಂದಳು.

ನಮ್ಮ ಹಿರಿಯರಿಗೆ ಇದು ಹೊಸದೇನಲ್ಲ. ಛತ್ರಕ್ಕೆ ಹೋದರೆ ಅಕ್ಕಿ ಬೇಳೆ ಕಟ್ಟಿಕೊಂಡೇ ಹೋಗಬೇಕಿತ್ತು. ಮಾವಿನಕೆರೆ ಬೆಟ್ಟದ ರಂಗನಾಥನ ಹರಕೆಗೆ ಹೋದವರು ಮೂರು ಕಲ್ಲು ಹೂಡಿ ಅಲ್ಲೇ ಅಡಿಗೆ ಮಾಡ್ತಿದ್ದರು. ಆದರೆ ನೆನಪು ಮಾಡಿಕೊಳ್ಳಿ, ಅಲ್ಲಿ ಸೌದೆ ತರೋದು, ನೀರು ಹೊರೋದು, ದೊಡ್ಡ ಹಂಡೆಯ ಅನ್ನ ಬಸಿಯೋದು ಗಂಡಸರ ಕೆಲಸವೇ ಆಗಿತ್ತು. ಹೊರಗಿನ ಒಲೆ ಎಲ್ಲರದ್ದೂ. ಅದಕ್ಕೆ ನಾಲ್ಕು ಗೋಡೆ ಬಂದ ಕೂಡಲೇ ಅದು ನಮ್ಮದು!

ಈಗ ಎರಡನೇ ಸಲದ ಕತೆ.

ನಮ್ಮಕ್ಕ ಚನ್ನರಾಯಪಟ್ಟಣದವಳು. ತೆಂಗಿನ ತೋಟ, ಎರಡು ಹಸು, ಮಗ ಸೊಸೆ ಮೊಮ್ಮಕ್ಕಳು. ಮದುವೆ, ಬಾಣಂತನ, ತಿಥಿ, ತೀರ್ಥಯಾತ್ರೆ ಇವಿಷ್ಟು ಬಿಟ್ಟರೆ ಒಂದು ರಾತ್ರಿ ಹೊರಗೆ ಮಲಗಿದವಳಲ್ಲ. ಗರ್ಭಕೋಶದ ಆಪರೇಷನ್ ಆಗಿ ವರ್ಷವಾಗಿತ್ತು. ಡಾಕ್ಟರು ಮೂರು ತಿಂಗಳು ಭಾರ ಎತ್ತಬೇಡಿ ಅಂದಿದ್ದರು, ಇವಳು ಮೂರನೇ ವಾರಕ್ಕೇ ಹಿಂಡಿ ಬಕೆಟ್ ಎತ್ತಿದವಳು. ಮುಖ ಸೊರಗಿತ್ತು, ಮಾತಿಗೆ ಮುಂಚೆ ಕಣ್ಣಲ್ಲಿ ನೀರು. ನೋಡಲಾರದೆ ಅರಕಲಗೂಡಿನ ನನ್ನ ನಾದಿನಿ ಅಂದಳು, "ಅತ್ತಿಗೆ, ಅದೇ ಬೆಟ್ಟದ ಮನೆಗೆ ಹೋಗೋಣ. ಅಕ್ಕನ್ನೂ ಕರ್ಕೊಳ್ಳೋಣ. ಆದರೆ ನಾವು ಮೂವರೇ."

ಮೂವರು ಹೆಂಗಸರೇ! ಅಕ್ಕನ ಮನೆಯಲ್ಲಿ ಎರಡು ದಿನ ಅದೇ ಮಾತು. ನಮ್ಮ ಮನೆಯಲ್ಲಿ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಹಾಲಿಗೆ ಹೆಪ್ಪು ಎಷ್ಟು ಹಾಕಬೇಕು ಬರೆದಿಟ್ಟು ಹೋಗು" ಅಂದರು. ಅದನ್ನೇ ಒಪ್ಪಿಗೆ ಅಂದುಕೊಂಡೆ.

ಚನ್ನರಾಯಪಟ್ಟಣದ ಮೇಲೆ ಬೆಂಗಳೂರು–ಹಾಸನ ರೈಲು 2017ರಿಂದ ಓಡ್ತಾ ಇದೆ. ಅಕ್ಕ ರೈಲಿನಲ್ಲಿ ಹಾಸನಕ್ಕೆ ಬಂದಳು, ನಾವಿಬ್ಬರು ನಮ್ಮ ನಮ್ಮ ಊರಿನ ಬಸ್ಸಿನಲ್ಲಿ. ಸಕಲೇಶಪುರದ ಸೇತುವೆ ಮೇಲೆ ಅಕ್ಕ ಕಿಟಕಿಗೆ ಮುಖ ಇಟ್ಟು, "ಇದು ಯಾವ ಹೊಳೆಯೇ?" ಅಂದಳು. "ಹೇಮಾವತಿ ಕಣೇ, ನಮ್ಮೂರ ಮುಂದೆ ಹರಿಯೋದೂ ಇದೇ, ಗೊರೂರು ಕಟ್ಟೆಯಿಂದ ನಾಲೆಯಲ್ಲಿ ನಿಮ್ಮ ಕಡೆ ಬರೋದೂ ಇದೇ" ಅಂದೆ. "ಇಷ್ಟು ಹತ್ತಿರ ಇದ್ದು ನಾನು ನೋಡಿರಲಿಲ್ಲ" ಅಂದಳು.

ಈ ಸಲ ನಾನು ಹೊರಡುವ ಮುಂಚೆಯೇ ಒಂದು ಚೀಟಿ ಬರೆದಿದ್ದೆ. ದಿನಕ್ಕೆ ಮೂರು ಹೊತ್ತು, ಒಬ್ಬೊಬ್ಬರಿಗೆ ಒಂದು ಹೊತ್ತು. ಯಾರ ಸರದಿಯೋ ಅವರೇ ಪಾತ್ರೆಯನ್ನೂ ತೊಳೆಯಬೇಕು. ಮಿಕ್ಕ ಇಬ್ಬರು ಒಳಗೆ ಕಾಲಿಡಕೂಡದು, "ಉಪ್ಪು ನೋಡ್ಲಾ" ಅಂತ ಕೂಡ ಬರಕೂಡದು. ನೀವು ನಗಬಹುದು. ಮೊದಲ ಬೆಳಿಗ್ಗೆಯೇ ಆ ಚೀಟಿ ಬೇಕಾಯ್ತು. ಐದು ಗಂಟೆಗೆ ಅಕ್ಕ ಎದ್ದು ಅಭ್ಯಾಸದಲ್ಲಿ ಒಲೆ ಹಚ್ಚಿ ನಿಂತಿದ್ದಳು. ನಾದಿನಿ ಹೋಗಿ ಸೌಟು ಕಿತ್ತುಕೊಂಡು, "ಅಕ್ಕ, ನಿಮ್ಮ ಸರದಿ ರಾತ್ರಿಗೆ" ಅಂತ ಜಗಲಿಗೆ ಕಳಿಸಿದಳು.

ಕೈಗೆ ಕೆಲಸವಿಲ್ಲದೆ ಅಕ್ಕನಿಗೆ ಕೂರೋಕೇ ಬರಲಿಲ್ಲ. ಸೆರಗಿನ ಅಂಚು ಮಡಿಸಿದಳು, ಬಿಚ್ಚಿದಳು. ಕಸ ಇಲ್ಲದ ಜಗಲಿಯಲ್ಲಿ ಕಸ ಹುಡುಕಿದಳು. ಆಮೇಲೆ ಮಂಜು ಮೇಲಕ್ಕೆ ಬಂತು. ಕಾಫಿ ಗಿಡ ಮುಚ್ಚಿತು, ಸಿಲ್ವರ್ ಮರ ಮುಚ್ಚಿತು, ಮೆಟ್ಟಿಲ ತನಕ ಬಂದು ನಿಂತಿತು. ಅಕ್ಕ ಸುಮ್ಮನಾದಳು. ಎಂಟು ಗಂಟೆಗೆ ರೊಟ್ಟಿ ತಟ್ಟೆ ತಗೊಂಡು ಹೋಗಿ "ಏನೇ ಮಾಡ್ತಿದ್ದೀಯಾ?" ಅಂದೆ. "ಏನೂ ಇಲ್ಲ ಕಣೇ" ಅಂದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, ಯಾರೋ ಕೊಟ್ಟದ್ದನ್ನು ಇಸ್ಕೊಂಡ ಹಾಗೆ, "ಏನೂ ಇಲ್ಲ" ಅಂದಳು.

ರಾತ್ರಿ ಸರದಿ ಬಂದಾಗ ಅವಳೇ ಊರಿಂದ ತಂದಿದ್ದ ಹಿತಕಿದ ಅವರೆಬೇಳೆಯ ಹುಳಿ ಮಾಡಿದಳು. ಒಳಗಿನಿಂದ ದೇವರನಾಮ ಕೇಳ್ತಿತ್ತು. ಅವಳ ಬಾಯಲ್ಲಿ ದೇವರನಾಮ ಕೇಳಿ ನನಗೆ ವರ್ಷಗಳೇ ಆಗಿದ್ದವು. "ಮೂರು ಜನದ ಅಡಿಗೆ ಬೊಂಬೆಯಾಟ ಇದ್ದಂಗೆ ಕಣ್ರೇ" ಅಂತ ಬಡಿಸಿದಳು.

ಇನ್ನೊಂದು ವಿಷಯ ಹೇಳದಿದ್ದರೆ ತಪ್ಪಾಗುತ್ತೆ. ಆ ಮನೆ ನೋಡಿಕೊಳ್ಳುವವನ ಹೆಂಡತಿ ಹಗಲೆಲ್ಲ ತೋಟದಲ್ಲಿ ಕಾಫಿ ಹಣ್ಣು ಬಿಡಿಸಿ, ಸಂಜೆ ನಮ್ಮ ಅಂಗಳ ಗುಡಿಸಲು ಬರುತ್ತಿದ್ದಳು. ಜನ ಹೆಚ್ಚಿದ್ದಾಗ ಅಡಿಗೆಗೂ ಅವಳನ್ನೇ ಕರೆಯುತ್ತಾರೆ. ನಾವು ಮೂವರು ಕಾಲು ಚಾಚಿ ಕೂತದ್ದನ್ನು ನೋಡಿ, "ನಮಗೆ ಹಿಂಗೆ ಒಂದಿನ ಇರಾಕಾಗ್ತದೇನ್ರಮ್ಮಾ" ಅಂದಳು. ನಮಗೆ ಉತ್ತರ ಹೊಳೆಯಲಿಲ್ಲ. ಎರಡನೇ ರಾತ್ರಿ ಗಂಡ ಹೆಂಡತಿ ಇಬ್ಬರನ್ನೂ ಊಟಕ್ಕೆ ಕರೆದೆವು. ಬಂದರು, ಆದರೆ ಕೈಯಲ್ಲಿ ಒಂದು ಪಾತ್ರೆ ಕಡುಬು ಹಿಡಿದುಕೊಂಡೇ ಬಂದಳು ಪುಣ್ಯಾತ್ಗಿತ್ತಿ. ಅರಕಲಗೂಡಿನ ಸೋದರಿ, ನೀವು ಊಟ ಕೊಡುವ ಹೋಂಸ್ಟೇಗೆ ಹೋದರೂ ಒಳಗೆ ಒಬ್ಬಳು ನಿಂತಿರುತ್ತಾಳೆ. ಬಾಡಿಗೆ ಯಜಮಾನರಿಗೆ ಸೇರುತ್ತೆ. ಅವಳ ಕೈಗೆ ಬೇರೆಯಾಗಿ ಏನಾದರೂ ಕೊಡಿ, ಎದುರಿಗೇ ಕೊಡಿ.

ನಿಮ್ಮ ಪ್ರಶ್ನೆಗೆ ಉತ್ತರ: ಕಾಟೇಜನ್ನೇ ಹಿಡಿಯಿರಿ, ಆದರೆ ಚೀಟಿ ಮೊದಲು. ಅದರಲ್ಲಿ ಯಜಮಾನರ ಹೆಸರು, ಬೆಳೆದ ಮಕ್ಕಳ ಹೆಸರು ಇರಲಿ. "ನಮಗೆ ಬರಲ್ಲ" ಅಂದರೆ ಉಪ್ಪಿಟ್ಟು ಬರುತ್ತೆ, ಮೊಸರನ್ನ ಬರುತ್ತೆ, ಪಾತ್ರೆ ತೊಳೆಯೋದಂತೂ ಎಲ್ಲರಿಗೂ ಬರುತ್ತೆ. ಒಪ್ಪದಿದ್ದರೆ ದುಡ್ಡು ಹೆಚ್ಚಾದರೂ ಊಟ ಕೊಡುವ ಕಡೆಯೇ ಹೋಗಿ. ಹನ್ನೊಂದು ಜನಕ್ಕೆ ಒಬ್ಬಳೇ ಬೇಯಿಸುವುದಾದರೆ ಅದಕ್ಕೆ ಬೆಟ್ಟ ಯಾಕೆ, ಮನೆಯಲ್ಲೇ ಸಾಮಾನೆಲ್ಲ ಕೈಗೆ ಸಿಗುತ್ತಲ್ಲ!

ಫೋನಿನಲ್ಲೇ ಕೇಳಿಕೊಳ್ಳಬೇಕಾದ್ದು: ಎಷ್ಟು ಬರ್ನರ್ ಹೊತ್ತುತ್ತೆ, ಸಿಲಿಂಡರ್ ಇನ್ನೊಂದು ಇದೆಯೇ, ಕುಕ್ಕರ್ ಎಷ್ಟು ಲೀಟರಿನದು, ಅಂಗಡಿ ಎಷ್ಟು ದೂರ, ಕೊನೆಯ ದಾರಿಗೆ ಜೀಪು ಬೇಕೇ. ನಮ್ಮದೇ ಒಂದು ಗ್ಯಾಸ್ಕೆಟ್, ಚೂಪಾದ ಈಳಿಗೆಮಣೆ ಅಥವಾ ಚಾಕು, ಲೈಟರ್ ಜೊತೆಗಿರಲಿ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ನೂರು ಡಿಗ್ರಿಗಲ್ಲ, 97ರ ಹತ್ತಿರವೇ ಕುದಿಯುತ್ತೆ. ಹಾಗಾಗಿ ತೆರೆದ ಪಾತ್ರೆಯಲ್ಲಿ ಬೇಳೆ ನಿಧಾನ, ಬೆಟ್ಟದ ಮೇಲೆ ಇನ್ನೂ ಹೋದರೆ ಇನ್ನೂ ನಿಧಾನ. ಕುಕ್ಕರ್ ಇದ್ದರೆ ಚಿಂತೆಯಿಲ್ಲ. ಜನವರಿಯ ಚಳಿಗೆ ದೋಸೆ ಹಿಟ್ಟು ರಾತ್ರಿ ಕಳೆದರೂ ಹುಳಿ ಬರಲ್ಲ, ಅಕ್ಕಿಹಿಟ್ಟೇ ಒಯ್ಯಿರಿ. ಮಳೆಗಾಲದಲ್ಲಾದರೆ ಉಪ್ಪು ನೀರೊಡೆಯುತ್ತೆ, ಹಪ್ಪಳ ಮೆತ್ತಗಾಗುತ್ತೆ, ಇಂಬಳದ ಕಾಟ ಬೇರೆ. ಕಚ್ಚಿದ ಇಂಬಳಕ್ಕೆ ಉಪ್ಪು ಮುಟ್ಟಿಸಿದರೆ ಬಿಡುತ್ತೆ. ಕಂಡ ಕಂಡ ಅಣಬೆ ಕಿತ್ತು ಬೇಯಿಸಬೇಡಿ. ಕಳಲೆಯನ್ನೂ ದಿನಗಟ್ಟಲೆ ನೀರು ಬದಲಾಯಿಸಿ ನೆನೆಸದೆ ತಿನ್ನಬಾರದು, ಅದು ಅಲ್ಲಿಯವರ ಕೈಗೆ ಬಿಟ್ಟ ಅಡಿಗೆ. ಸಂಜೆಯಾದ ಮೇಲೆ ಕಾಫಿ ತೋಟದೊಳಗೆ ಕಾಲಿಡಬೇಡಿ. ಸಕಲೇಶಪುರ, ಆಲೂರು, ನಿಮ್ಮ ಅರಕಲಗೂಡು, ಈ ಕಡೆಯೆಲ್ಲ ಆನೆಗಳು ಓಡಾಡುವುದು ನಿಮಗೆ ನಾನು ಹೇಳಬೇಕಾಗಿಲ್ಲ.

ಮೊದಲ ರಾತ್ರಿ ಯಾರೂ ಒಲೆ ಮುಂದೆ ನಿಲ್ಲದ ಹಾಗೆ ಈ ಗೊಜ್ಜನ್ನು ಮನೆಯಲ್ಲೇ ಮಾಡಿ ಒಯ್ಯಿರಿ. ಒಂದು ಕೆಜಿ ಅಕ್ಕಿಯ ಅನ್ನಕ್ಕೆ ಸಾಕು.

ಪುಳಿಯೋಗರೆ ಗೊಜ್ಜು: 150 ಗ್ರಾಂ ಹುಣಸೆಹಣ್ಣನ್ನು ಬಿಸಿನೀರಲ್ಲಿ ನೆನೆಸಿ ಗಟ್ಟಿಯಾಗಿ ಹಿಂಡಿಕೊಳ್ಳಿ. ನಾಲ್ಕು ಚಮಚ ಕೊತ್ತಂಬರಿ ಬೀಜ, ಎರಡೆರಡು ಚಮಚ ಕಡ್ಲೆಬೇಳೆ ಉದ್ದಿನಬೇಳೆ, ಒಂದು ಚಮಚ ಜೀರಿಗೆ, ಮುಕ್ಕಾಲು ಚಮಚ ಮೆಂತ್ಯ, ಅರ್ಧ ಚಮಚ ಮೆಣಸು, ಹದಿನೈದು ಬ್ಯಾಡಗಿ ಮೆಣಸಿನಕಾಯಿ, ಇವನ್ನು ಬೇರೆ ಬೇರೆಯಾಗಿ ಹುರಿದು ಪುಡಿ ಮಾಡಿ. ಮೂರು ಚಮಚ ಕರಿ ಎಳ್ಳನ್ನು ಚಟಪಟ ಅನ್ನುವ ತನಕ ಹುರಿದು ಬೇರೆ ಕುಟ್ಟಿಡಿ. ಬಾಣಲೆಯಲ್ಲಿ ಮುಕ್ಕಾಲು ಲೋಟ ಎಳ್ಳೆಣ್ಣೆ ಕಾಯಿಸಿ ಸಾಸಿವೆ, ಕಡ್ಲೆಕಾಯಿ ಬೀಜ, ಕರಿಬೇವು, ಇಂಗು, ಅರಿಶಿನ ಹಾಕಿ, ಹುಣಸೆ ರಸ ಸುರಿಯಿರಿ. ಉಪ್ಪು ಸ್ವಲ್ಪ ಮುಂದಾಗಿಯೇ ಇರಲಿ, ಬೆಲ್ಲ ನೂರು ಗ್ರಾಂ. ಗಟ್ಟಿಯಾಗುತ್ತಾ ಬಂದಾಗ ಪುಡಿ ಬೆರೆಸಿ, ಎಣ್ಣೆ ಅಂಚಿಗೆ ಬಿಡುವ ತನಕ ಸಣ್ಣ ಉರಿಯಲ್ಲಿ ಕುದಿಸಿ. ಆರಿದ ಮೇಲೆ ಒಣಗಿದ ಬಾಟಲಿಗೆ ತುಂಬಿ. ಎಳ್ಳಿನ ಪುಡಿ, ತುರಿದ ಕೊಬ್ಬರಿ ಅನ್ನ ಕಲೆಸುವಾಗ ಮಾತ್ರ. ಮುಂಚೆಯೇ ಹಾಕಿದರೆ ದಾರಿಯಲ್ಲೇ ಮುಗ್ಗಲು ವಾಸನೆ ಬರುತ್ತೆ.

ಕಳೆದ ವಾರ ಅಕ್ಕ ಫೋನ್ ಮಾಡಿದ್ದಳು. ಹಿಂದುಗಡೆ ಹಸು ಕೂಗುತ್ತಿತ್ತು, ಮೊಮ್ಮಗು ಅಳುತ್ತಿತ್ತು. ಕಾಫಿ ಯಾವಾಗ ಹೂ ಬಿಡುತ್ತೆ ಅಂತ ಕೇಳಿದಳು. ಮಾರ್ಚ್ ಏಪ್ರಿಲ್ ಹೊತ್ತಿಗೆ ಒಂದು ಮಳೆ ಬಿದ್ದರೆ ಎಂಟು ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತೆ, ಮಲ್ಲಿಗೆ ಥರ ವಾಸನೆ ಅಂದೆ. "ಆವಾಗ ಆ ಮನೆ ಖಾಲಿ ಇರುತ್ತಾ, ಕೇಳಿಡು" ಅಂದಳು. ಮಗನನ್ನು ಕೇಳಿದ್ದೀಯಾ ಅಂದರೆ, "ಅವನಿಗೆ ಹೆಪ್ಪು ಹಾಕೋದು ಹೇಳ್ಕೊಟ್ಟಿದ್ದೀನಿ" ಅಂತ ಫೋನ್ ಇಟ್ಟಳು.